ಓದುಗರ ಪ್ರಶ್ನೆ: ಕ್ಲೀಟ್ ಹಾಕುವ ಮುನ್ನ, ಹಾಕಿದ ಮೇಲೆ

ಪ್ರಶ್ನೆ: ಭಾನುವಾರಗಳಂದು ರೋಡ್ ಬೈಕಿನಲ್ಲಿ ಗಾಜನೂರು, ಮಂಡಗದ್ದೆ ತನಕ ಹೋಗಿಬರುತ್ತೇನೆ. ಕ್ಲಿಪ್‌ಲೆಸ್ ಪೆಡಲ್ ಹಾಕಿಸಬೇಕೆಂದಿದ್ದೇನೆ. ಎರಡು ಬೋಲ್ಟಿನದು ಒಳ್ಳೆಯದೋ ಮೂರು ಬೋಲ್ಟಿನದೋ? ಶೂ ಕಚ್ಚಿ ಹಿಡಿಯುವ ಪೆಡಲ್‌ಗೆ ‘ಕ್ಲಿಪ್‌ಲೆಸ್’ ಅಂತ ಹೆಸರು ಏಕೆ?
– ಶಿವಮೊಗ್ಗ

ಉತ್ತರ: ಹಿಂದೆ ರೇಸ್ ಸೈಕಲ್ಲಿನ ಪೆಡಲ್ ಮುಂದೆ ಪಂಜರದಂಥ ಕ್ಲಿಪ್ ಇರುತ್ತಿತ್ತು. ಪಾದವನ್ನು ಅದರೊಳಗೆ ತೂರಿಸಿ ಪಟ್ಟಿ ಬಿಗಿಯುತ್ತಿದ್ದರು. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ, ಹಿಮದ ಸ್ಕೀಗೆ ಶೂ ಕಚ್ಚಿಸುವ ತಂತ್ರವನ್ನು ರೋಡ್ ಬೈಕಿನ ಪೆಡಲ್‌ಗೆ ತಂದಿತು. ಮರುವರ್ಷ ಬರ್ನಾರ್ ಹಿನೊ ಅದನ್ನೇ ತುಳಿದು ಟೂರ್ ದ ಫ್ರಾನ್ಸ್ ಗೆದ್ದರು. ಆ ಹಳೆಯ ಪಂಜರ ಇಲ್ಲ ಎಂಬುದಷ್ಟೇ ಹೆಸರಿನ ಅರ್ಥ.

ನಿಮ್ಮ ದಾರಿಗೆ ಎರಡು ಬೋಲ್ಟಿನದೇ, ಅಂದರೆ ಶಿಮಾನೊ ಕಂಪನಿಯ ಎಸ್‌ಪಿಡಿ ಮಾದರಿಯೇ ಸರಿ. ಇದರ ಕ್ಲೀಟ್ (ಶೂ ಅಡಿಗೆ ಬೋಲ್ಟಿನಿಂದ ಬಿಗಿದು ಪೆಡಲ್‌ಗೆ ಕಚ್ಚಿಸುವ ತುಂಡು) ಚಿಕ್ಕದು, ಲೋಹದ್ದು, ಶೂ ಅಡಿಯ ಗುಳಿಯಲ್ಲಿ ಕೂರುತ್ತದೆ. ಇಳಿದು ನಡೆಯಬಹುದು. ಶಿಮಾನೊ ಎಂ520ಯಂಥ ಪೆಡಲ್‌ಗೆ ಎರಡೂ ಮುಖದಲ್ಲಿ ಕಚ್ಚು ಇರುವುದರಿಂದ ಏರಿನಲ್ಲಿ ಹೊರಡುವಾಗ ಕೆಳಗೆ ನೋಡಬೇಕಿಲ್ಲ. ಮೂರು ಬೋಲ್ಟಿನದರಲ್ಲಿ ಪಾದದಡಿ ಅಗಲ ಆಸರೆ ಸಿಗುತ್ತದೆ, ಬಹು ದೂರದ ಸವಾರಿಗೆ ಅದು ಹಿತವೇ. ಆದರೆ ಅದರ ಪ್ಲಾಸ್ಟಿಕ್ ಕ್ಲೀಟ್ ಶೂ ಅಡಿಯಿಂದ ಹೊರಚಾಚಿರುತ್ತದೆ. ಟೀ ಕುಡಿಯಲು ಇಳಿದರೆ ಹೋಟೆಲಿನ ಒದ್ದೆ ನೆಲದಲ್ಲಿ ಜಾರುತ್ತದೆ, ಜಲ್ಲಿಯ ಮೇಲೆ ನಡೆದರೆ ಬೇಗ ಸವೆಯುತ್ತದೆ. ಅದೇ ಬೇಕೆಂದಾದರೆ ಶಿಮಾನೊದಲ್ಲಿ ಹಳದಿ ಕ್ಲೀಟ್ ಕೊಳ್ಳಿ. ಅದು ಹಿಮ್ಮಡಿಗೆ 6 ಡಿಗ್ರಿ ಆಡಲು ಜಾಗ ಬಿಡುತ್ತದೆ, ನೀಲಿ 2 ಡಿಗ್ರಿ, ಕೆಂಪು ಸ್ವಲ್ಪವೂ ಬಿಡುವುದಿಲ್ಲ. ಹೊಸಬರು ಕೆಂಪನ್ನು ಮುಟ್ಟಲೇಬಾರದು. ಶೂ ಕೊಳ್ಳುವ ಮೊದಲು ಅಡಿಯಲ್ಲಿ ಎಷ್ಟು ತೂತಿವೆ ನೋಡಿ, ಪೆಡಲ್‌ಗೂ ಶೂಗೂ ಹೊಂದಬೇಕು.

ಪ್ರಶ್ನೆ: ನಿಲ್ಲಿಸುವಾಗ ಕಾಲು ಬಿಡಿಸಲಾಗದೆ ಬೀಳುತ್ತೇನೆಂಬ ಹೆದರಿಕೆ. ರೂಢಿ ಮಾಡಿಕೊಳ್ಳುವುದು ಹೇಗೆ?
– ತೀರ್ಥಹಳ್ಳಿ

ಉತ್ತರ: ಜನ ಬೀಳುವುದು ವೇಗದಲ್ಲಿ ಅಲ್ಲ, ಪೂರ್ತಿ ನಿಂತ ಮೇಲೆ. ಗಾಬರಿಯಲ್ಲಿ ಕಾಲನ್ನು ಮೇಲಕ್ಕೋ ಹಿಂದಕ್ಕೋ ಎಳೆಯುತ್ತಾರೆ, ಆಗ ಅದು ಬಿಡುವುದಿಲ್ಲ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ.

ಮೊದಲು ಪೆಡಲಿನಲ್ಲಿ ಕ್ಲೀಟನ್ನು ಬಿಗಿಹಿಡಿಯುವ ಸ್ಪ್ರಿಂಗ್ ಪೂರ್ತಿ ಸಡಿಲಿಸಿ. ಎಸ್‌ಪಿಡಿಗೆ 3 ಮಿ.ಮೀ. ಅಲನ್ ಕೀ ಸಾಕು. ಎರಡು ಮುಖದ ಪೆಡಲ್ ಆದ್ದರಿಂದ ಜೋಡಿಗೆ ನಾಲ್ಕು ಸ್ಕ್ರೂ. ಒಂದನ್ನು ಮರೆತರೆ ಒಂದು ಮುಖ ಮಾತ್ರ ಬಿಗಿಯಾಗಿ ಉಳಿದು ಕೈಕೊಡುತ್ತದೆ. ಪೆಡಲ್ ಜೊತೆ ಬರುವ ಎಸ್‌ಎಚ್51 ಕ್ಲೀಟ್ ಪಕ್ಕಕ್ಕೆ ತಿರುಗಿಸಿದರಷ್ಟೇ ಬಿಡುತ್ತದೆ. ಹೆದರಿಕೆ ಜಾಸ್ತಿಯಿದ್ದರೆ ಎಸ್‌ಎಚ್56 ಹಾಕಿಸಿ, ಅದು ಬೇರೆ ದಿಕ್ಕುಗಳಿಗೆ ಎಳೆದರೂ ಬಿಡುತ್ತದೆ. ಏರಿನಲ್ಲಿ ಎದ್ದುನಿಂತು ಜಗ್ಗಿ ತುಳಿಯುವಾಗ ಬೇಡದೆಯೂ ಬಿಟ್ಟೀತು, ಅದೊಂದು ನೆನಪಿರಲಿ.

ಗೋಡೆಗೆ ಕೈಯೂರಿ ಒಂದೊಂದು ಕಾಲಿಗೆ 30 ಸಲ ಕಚ್ಚಿಸಿ ಬಿಡಿಸಿ. ಆಮೇಲೆ ಹುಲ್ಲಿನ ಮೈದಾನದಲ್ಲಿ ಬಲಗಾಲು ಮಾತ್ರ ಕಚ್ಚಿಸಿ ಸುತ್ತಿ, ನಂತರ ಎರಡೂ ಕಾಲು ಕಚ್ಚಿಸಿ ಕನಿಷ್ಠ 20 ಸಲ ನಿಲ್ಲಿಸಿ ಹೊರಡಿ. ರಸ್ತೆಗೆ ಬರುವುದು ಆಮೇಲೆ. ಯಾವಾಗಲೂ ಎಡಗಾಲನ್ನೇ ಮೊದಲು ಬಿಡಿಸಿ. ರಸ್ತೆಯಂಚು ಎಡಕ್ಕಿರುತ್ತದೆ, ಚೈನು ಬಲಕ್ಕಿರುತ್ತದೆ. ಹಂಪ್, ಬಸ್ ಸ್ಟಾಪ್, ದನಗಳ ಗುಂಪು ಕಂಡರೆ 20–30 ಮೀಟರ್ ಮೊದಲೇ ಬಿಡಿಸಿ. ನಮ್ಮ ಕಡೆ ಡಾಂಬರಿನ ಅಂಚು ಚರಂಡಿಯತ್ತ ಗೇಣುದ್ದ ಕುಸಿದಿರುವುದುಂಟು. ಅಲ್ಲಿ ಕಾಲೂರಲು ಹೋದರೆ ನೆಲವೇ ಸಿಗದು, ಅಂಚಿನಿಂದ ಎರಡಡಿ ಒಳಗೇ ನಿಲ್ಲಿಸಿ.

ಪ್ರಶ್ನೆ: ಕ್ಲೀಟ್ ಹಾಕಿಸಿ ಮೂರು ವಾರವಾಯಿತು. 40 ಕಿ.ಮೀ. ದಾಟಿದರೆ ಬಲ ಮೊಣಕಾಲಿನ ಹೊರಬದಿ ನೋಯುತ್ತದೆ. ಮೊದಲು ಹೀಗಿರಲಿಲ್ಲ.
– ಭದ್ರಾವತಿ

ಉತ್ತರ: ಒಂದೇ ಕಾಲು, ಅದೂ ಪಕ್ಕದಲ್ಲಿ ನೋವು ಎಂದರೆ ಮೊದಲ ಅನುಮಾನ ಕ್ಲೀಟಿನ ಕೋನದ ಮೇಲೆ. ಸಾದಾ ಪೆಡಲ್ ಮೇಲೆ ಪಾದ ತನಗೆ ಬೇಕಾದಂತೆ ತಿರುಗಿಕೊಳ್ಳುತ್ತಿತ್ತು. ಈಗ ಗಂಟೆಗೆ ಸಾವಿರಾರು ಸುತ್ತು ಒಂದೇ ಕೋನದಲ್ಲಿ ತಿರುಗುತ್ತದೆ.

ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಡಿ. ಬಲಪಾದದ ಬೆರಳು ತಾನಾಗಿ ಎತ್ತ ಮುಖ ಮಾಡುತ್ತದೋ ಸೈಕಲ್ ಮೇಲೂ ಅತ್ತಲೇ ಇರಬೇಕು. ತುಂಬ ಜನರಿಗೆ ತುಸು ಹೊರಕ್ಕಿರುತ್ತದೆ. ಹಾಗಿದ್ದರೆ ಕ್ಲೀಟಿನ ಮೂತಿಯನ್ನು ಹೆಬ್ಬೆರಳ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಗ ಪೆಡಲ್ ಮೇಲೆ ಹಿಮ್ಮಡಿ ಒಳಕ್ಕೆ ಬರುತ್ತದೆ. ತುಳಿಯುವಾಗ ಹಿಮ್ಮಡಿ ಎರಡೂ ಕಡೆ ಸ್ವಲ್ಪ ಆಡಬೇಕು. ಒಂದು ಕಡೆ ತಡೆದು ನಿಂತಂತಾದರೆ ಇನ್ನೂ ಸರಿಯಾಗಿಲ್ಲ. ಹಳೆಯ ಜಾಗವನ್ನು ಮಾರ್ಕರ್‌ನಿಂದ ಗುರುತಿಸಿಯೇ ಬೋಲ್ಟ್ ಸಡಿಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಹೊಳೆಹೊನ್ನೂರಿನ ಕಡೆಯ ಸಮತಟ್ಟು ದಾರಿಯಲ್ಲಿ ಹಗುರಾಗಿ ತುಳಿದು ನೋಡಿ.

ಹಿಂದೆ ಮುಂದೆ ಕೂಡ ನೋಡಿ. ಹೆಬ್ಬೆರಳ ಬುಡದ ಗಂಟು, ಕಿರುಬೆರಳ ಬುಡದ ಗಂಟು ಎರಡನ್ನೂ ಶೂ ಮೇಲೆ ತಡವಿ ಗುರುತು ಹಾಕಿ, ಪೆಡಲಿನ ಅಚ್ಚು ಅವೆರಡರ ನಡುವೆ ಬರುವಂತೆ ಕ್ಲೀಟ್ ಕೂರಿಸಿ. ತೀರ ಮುಂದಿದ್ದರೆ ಮೀನಖಂಡ ದಣಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ.

ಸೀಟಿನ ಎತ್ತರವೂ ಬದಲಾಗಿರಬಹುದು, ಏಕೆಂದರೆ ಹೊಸ ಶೂ, ಕ್ಲೀಟ್, ಪೆಡಲಿನ ದಪ್ಪ ಸೇರಿ ಪಾದ ಮೊದಲಿನ ಮಟ್ಟದಲ್ಲಿ ಇರುವುದಿಲ್ಲ. ಸೀಟು ತಗ್ಗಾದರೆ ಮೊಣಕಾಲಿನ ಮುಂಭಾಗ, ಎತ್ತರವಾದರೆ ಹಿಂಭಾಗ ಸಾಮಾನ್ಯವಾಗಿ ನೋಯುತ್ತದೆ. ಒಂದು ಸಲಕ್ಕೆ 2–3 ಮಿ.ಮೀ. ಮೀರಿ ಸರಿಸಬೇಡಿ. ಮೊಣಕಾಲು ಊದಿಕೊಂಡಿದ್ದರೆ ಇದಾವುದೂ ಬೇಡ, ಸೈಕಲ್ ಬಿಟ್ಟು ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮಳೆಯಲ್ಲಿ ಬರುತ್ತಿದ್ದಾಗ ಎಷ್ಟು ತಿರುಗಿಸಿದರೂ ಬಲಗಾಲು ಬಿಡಲೇ ಇಲ್ಲ. ಪೆಡಲ್ ಹಾಳಾಗಿದೆಯೇ?
– ಸಾಗರ

ಉತ್ತರ: ಪೆಡಲ್‌ಗಿಂತ ಮೊದಲು ಬೋಲ್ಟ್ ನೋಡಿ. ಒಂದು ಬೋಲ್ಟ್ ಬಿದ್ದುಹೋದರೆ ಕ್ಲೀಟ್ ಉಳಿದದ್ದರ ಸುತ್ತ ಗಿರಕಿ ಹೊಡೆಯುತ್ತದೆ. ನೀವು ಹಿಮ್ಮಡಿ ತಿರುಗಿಸಿದಾಗ ಶೂ ತಿರುಗುತ್ತದೆ, ಕ್ಲೀಟ್ ಪೆಡಲಿನಲ್ಲೇ ಕೂತಿರುತ್ತದೆ. ಹೀಗಾದಾಗ ಎಳೆದಾಡದೆ ಎಡಗಾಲೂರಿ ನಿಂತು, ಶೂ ಸಡಿಲಿಸಿ ಪಾದವನ್ನೇ ಹೊರತೆಗೆಯಿರಿ. ಬೋಲ್ಟನ್ನು 4 ಮಿ.ಮೀ. ಅಲನ್ ಕೀಯಿಂದ, ಎಳೆಗಳಿಗೆ ಗ್ರೀಸ್ ಸವರಿ, 5–6 ನ್ಯೂಟನ್ ಮೀಟರ್ ಬಿಗಿಯಬೇಕು. ಹೊಸ ಕ್ಲೀಟ್ ತುಳಿತಕ್ಕೆ ಅದುಮಿ ಕೂರುವುದರಿಂದ ಮೊದಲ ಸವಾರಿ ಮುಗಿದ ಕೂಡಲೇ ಇನ್ನೊಮ್ಮೆ ಬಿಗಿಯಲೇಬೇಕು. ಹೆಚ್ಚಿನವರು ತಪ್ಪಿಸುವುದು ಇದನ್ನೇ.

ಬೋಲ್ಟ್ ಸರಿಯಿದ್ದರೆ ಕಾರಣ ಕೆಮ್ಮಣ್ಣು. ಸ್ಪ್ರಿಂಗ್ ಸಂದಿನಲ್ಲಿ ಮೆತ್ತಿ ಒಣಗಿದರೆ ಕಚ್ಚುವುದೂ ಕಷ್ಟ, ಬಿಡುವುದೂ ಕಷ್ಟ. ನೀರು ಸುರಿದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಒರೆಸಿ, ಸ್ಪ್ರಿಂಗ್‌ಗೆ ಒಂದು ಹನಿ ಚೈನ್ ಎಣ್ಣೆ ಬಿಡಿ. ಬೋಲ್ಟ್ ತಲೆಯ ಕುಳಿಯಲ್ಲಿ ಮಣ್ಣಿದ್ದಾಗ ಅಲನ್ ಕೀ ತಿರುಗಿಸಿದರೆ ಮೂಲೆ ಸವೆದು ಮುಂದೆ ಬಿಚ್ಚಲು ಬರುವುದಿಲ್ಲ, ಪಿನ್ನಿನಿಂದ ಕೆದಕಿ ತೆಗೆದೇ ಕೀ ಹಾಕಿ. ಮಳೆಗಾಲಕ್ಕೆ ಆ ಕುಳಿಗೆ ಮೇಣದಬತ್ತಿಯ ಎರಡು ಹನಿ ತೊಟ್ಟಿಕ್ಕಿಸಿದರೆ ಮಣ್ಣು ಒಳಗಿಳಿಯದು. ನೆನೆದ ಶೂ ಬಚ್ಚಲ ಒಲೆಯ ಹತ್ತಿರ ಇಡಬೇಡಿ, ಬಿಸಿಗೆ ಅಡಿಯ ಅಂಟು ಬಿಡುತ್ತದೆ. ಒಳಗಿನ ಪದರ ತೆಗೆದು ಪೇಪರ್ ತುರುಕಿ ಗಾಳಿಗಿಡಿ.

ಪ್ರಶ್ನೆ: ಹಳೆಯ ಪೆಡಲ್ ನಾವೇ ಬಿಚ್ಚಬಹುದೇ? ಎಡಗಡೆಯದು ಅಲುಗುತ್ತಿಲ್ಲ.
– ಹೊಸನಗರ

ಉತ್ತರ: ಬಿಚ್ಚಬಹುದು. ಎಡಪೆಡಲಿನ ಎಳೆ ಉಲ್ಟಾ. ನೀವು ಪ್ರಾಯಶಃ ಇನ್ನಷ್ಟು ಬಿಗಿಯುತ್ತಿದ್ದೀರಿ. 15 ಮಿ.ಮೀ. ಸ್ಪ್ಯಾನರ್ ಹಿಡಿಕೆ ಮೇಲ್ಮುಖವಾಗಿರಲಿ. ಎರಡೂ ಕಡೆ ಹಿಂದಿನ ಚಕ್ರದತ್ತ ತಳ್ಳಿದರೆ ಬಿಚ್ಚುತ್ತದೆ, ಮುಂದಿನ ಚಕ್ರದತ್ತ ತಳ್ಳಿದರೆ ಬಿಗಿಯುತ್ತದೆ. ಹೊಸದರ ಅಚ್ಚಿನ ಮೇಲೆ ಎಡಕ್ಕೆ ಎಲ್, ಬಲಕ್ಕೆ ಆರ್ ಎಂದು ಕೊರೆದಿರುತ್ತದೆ. ಗ್ರೀಸ್ ಸವರಿ ಮೊದಲ ನಾಲ್ಕೈದು ಸುತ್ತು ಬರಿ ಬೆರಳಿನಿಂದಲೇ ತಿರುಗಿಸಿ. ಅಲ್ಲೇ ತಡೆದರೆ ತೆಗೆದು ಮತ್ತೆ ಕೂರಿಸಿ. ಎಳೆ ಅಡ್ಡ ಹತ್ತಿದ ಮೇಲೆ ಸ್ಪ್ಯಾನರ್ ಹಾಕಿದರೆ ಅಲ್ಯುಮಿನಿಯಂ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಕೆಡುತ್ತದೆ.