ಐಸ್ ಹಾಕಿಯ ಅಷ್ಟು ದೊಡ್ಡ ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್ 29 ತುಂಬುವವರೆಗೆ ಎಲ್ಲಿದ್ದರು?

ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ ತಂಡಗಳಿಗೆ ಇವರನ್ನು ಗುರುತಿಸುವ ಕಣ್ಣಿರಲಿಲ್ಲವೇ? ಇಲ್ಲಾ ಇವರೇ ತಡವಾಗಿ ಪಳಗಿದರೇ? ಮೊದಲನೆಯದು ಅರ್ಧ ನಿಜ. ಎರಡನೆಯದು ಸುಳ್ಳು.

ಹಾಶೆಕ್ ಹುಟ್ಟಿದ್ದು 1965ರಲ್ಲಿ, ಆಗಿನ ಜೆಕೊಸ್ಲೊವಾಕಿಯಾದ ಪಾರ್ದುಬಿಟ್ಸೆಯಲ್ಲಿ. 16ನೇ ವಯಸ್ಸಿಗೇ ಊರಿನ ಹಿರಿಯರ ತಂಡಕ್ಕೆ ಗೋಲ್ ಕಾಯುತ್ತಿದ್ದರು. 1986ರಿಂದ 1990ರವರೆಗೆ ಸತತ ಐದು ವರ್ಷ ಆ ದೇಶದ ಅತ್ಯುತ್ತಮ ಗೋಲ್‌ಕೀಪರ್ ಅವರೇ. ಎನ್‌ಎಚ್‌ಎಲ್ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಶಿಕಾಗೊ ತಂಡ 1983ರಲ್ಲೇ ಅವರನ್ನು ಆರಿಸಿಕೊಂಡಿತ್ತು, ಆದರೆ ಹತ್ತನೇ ಸುತ್ತಿನಲ್ಲಿ, 199ನೇ ಆಟಗಾರನಾಗಿ. ಕಮ್ಯುನಿಸ್ಟ್ ಆಡಳಿತ ಆಟಗಾರರನ್ನು ಹೊರಗೆ ಬಿಡುತ್ತಿರಲಿಲ್ಲ. ಬರುವುದೇ ಖಾತ್ರಿಯಿಲ್ಲದವರ ಮೇಲೆ ಮೊದಲ ಸುತ್ತುಗಳ ಅವಕಾಶ ಯಾರು ಕಳೆದುಕೊಳ್ಳುತ್ತಾರೆ? ಅವರು ಅಮೆರಿಕಕ್ಕೆ ಬಂದದ್ದು 1990ರಲ್ಲಿ, 25 ತುಂಬಿದ ಮೇಲೆ.

ಬಂದ ಮೇಲೆ ಎದುರಾದದ್ದು ಎಲ್ಲ ಗೋಲ್‌ಕೀಪರ್‌ಗಳ ವೃತ್ತಿಯನ್ನೂ ಆಳುವ ಲೆಕ್ಕ. ಈಗ ಎನ್‌ಎಚ್‌ಎಲ್‌ನಲ್ಲಿ 32 ತಂಡ, ತಂಡಕ್ಕೆ ಇಬ್ಬರು ಗೋಲ್‌ಕೀಪರ್. ಅಂದರೆ ಇಡೀ ಲೀಗಿಗೆ 64 ಕೆಲಸ, ಅದರಲ್ಲಿ ಒಂದನೇ ನಂಬರಿನವು 32 ಮಾತ್ರ. ಫಾರ್ವರ್ಡ್ ಆಟಗಾರ ಸರದಿಯ ಕೊನೆಯದಾದ ನಾಲ್ಕನೇ ಸಾಲಿನಲ್ಲಿದ್ದರೂ ಪಂದ್ಯಕ್ಕೆ ಎಂಟು ಹತ್ತು ನಿಮಿಷ ಮಂಜಿನ ಮೇಲಿರುತ್ತಾನೆ, ಅಷ್ಟರಲ್ಲೇ ಏನಾದರೂ ಮಾಡಿ ತೋರಿಸಬಹುದು. ಎರಡನೇ ಗೋಲ್‌ಕೀಪರ್‌ಗೆ ಅದೂ ಇಲ್ಲ. ಕ್ರಿಕೆಟ್ಟಿನ ಎರಡನೇ ವಿಕೆಟ್ ಕೀಪರ್‌ನ ಪಾಡೇ ಇದು. ಟೋಪಿ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂರುವುದು, ಆಟಗಾರರು ಒಳಹೊರಗೆ ಹೋಗುವಾಗ ಗೇಟು ತೆಗೆಯುವುದು, ಅಭ್ಯಾಸದ ದಿನ ಹೆಚ್ಚಿನವರು ಹೋದ ಮೇಲೂ ಉಳಿದವರ ಹೊಡೆತ ತಡೆಯುತ್ತಾ ನಿಲ್ಲುವುದು. 82 ಪಂದ್ಯಗಳ ಸೀಸನ್ನಿನಲ್ಲಿ ಒಂದನೇ ನಂಬರಿನವರು ಸಾಮಾನ್ಯವಾಗಿ 50-60 ಆಡುತ್ತಾರೆ. ಒಂದರ ಮರುದಿನವೇ ಇನ್ನೊಂದು ಪಂದ್ಯ ಬಿದ್ದರೆ ಅದು ಎರಡನೆಯವರ ಪಾಲು. ನ್ಯೂಜೆರ್ಸಿ ತಂಡದ ಗೋಲ್‌ಕೀಪರ್ ಮಾರ್ಟಿನ್ ಬ್ರಾಡರ್ 2006-07ರಲ್ಲಿ 78 ಪಂದ್ಯ ಆಡಿದರು. ಅವರ ತಂಡದ ಎರಡನೆಯವರಿಗೆ ಏನು ಉಳಿದಿರಬಹುದು, ಲೆಕ್ಕ ಹಾಕಿ.

ಶಿಕಾಗೊದಲ್ಲಿ ಹಾಶೆಕ್ ಮುಂದಿದ್ದವರು ಎಡ್ ಬೆಲ್‌ಫೋರ್. 1990-91ರಲ್ಲಿ ಬೆಲ್‌ಫೋರ್ ಆಡಿದ್ದು 74 ಪಂದ್ಯ, ಆ ವರ್ಷದ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಪ್ರಶಸ್ತಿಯೂ ಅವರದೇ. ಹಾಶೆಕ್‌ಗೆ ಎರಡು ವರ್ಷದಲ್ಲಿ ಸಿಕ್ಕಿದ್ದು ಒಟ್ಟು 25 ಪಂದ್ಯ. ಮಿಕ್ಕ ದಿನ ಕೆಳಗಿನ ಲೀಗಿನಲ್ಲಿ, ಇಂಡಿಯಾನಾಪೊಲಿಸ್‌ನಲ್ಲಿ. 1992ರಲ್ಲಿ ಇನ್ನೊಬ್ಬ ಗೋಲ್‌ಕೀಪರ್‌ಗೆ ಬದಲಾಗಿ ಬಫಲೋ ತಂಡಕ್ಕೆ ಕೊಟ್ಟುಬಿಟ್ಟರು. ಅಲ್ಲಿಗೆ ಮರುವರ್ಷ ಹೆಸರಾಂತ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್ ಬಂದು ಕೂತರು. 1993-94ರಲ್ಲಿ ಫ್ಯೂರ್‌ಗೆ ಗಾಯವಾಯಿತು, ಬಾಗಿಲು ತೆರೆದದ್ದು ಆಗಲೇ. ಗೋಲ್‌ಕೀಪರ್‌ಗಳ ಸರದಿ ಹೆಚ್ಚಾಗಿ ಮುಂದೆ ಸರಿಯುವುದು ಇನ್ನೊಬ್ಬರ ಮಂಡಿಯೋ ತೊಡೆಯೋ ಕೈಕೊಟ್ಟಾಗಲೇ. ಕ್ರೂರ ಅನಿಸಿದರೂ ಅದೇ ಸತ್ಯ.

ಆ ಸೀಸನ್ನಿನಲ್ಲಿ ಅವರ ಸೇವ್ ಪ್ರಮಾಣ .930. ಅಂದರೆ ಬಲೆಯತ್ತ ಬಂದ ಸಾವಿರ ಹೊಡೆತದಲ್ಲಿ 930 ತಡೆದರು. ಲೀಗಿನ ಸರಾಸರಿ ಆಗ .895 ಆಸುಪಾಸು. ಪಂದ್ಯಕ್ಕೆ 30 ಹೊಡೆತ ಎಂದು ಇಟ್ಟುಕೊಂಡರೆ ಸರಾಸರಿಯವರು ಮೂರಕ್ಕಿಂತ ತುಸು ಹೆಚ್ಚು ಗೋಲು ಬಿಡುತ್ತಾರೆ, ಇವರು ಎರಡು. ಪ್ರತಿ ಪಂದ್ಯಕ್ಕೂ ತಂಡ ಒಂದು ಗೋಲಿನ ಮುನ್ನಡೆಯೊಂದಿಗೆ ಇಳಿದ ಹಾಗೆ! ಇನ್ನೊಂದು ಅಳತೆ, ಬಿಟ್ಟ ಗೋಲನ್ನು 60ರಿಂದ ಗುಣಿಸಿ ಆಡಿದ ನಿಮಿಷಗಳಿಂದ ಭಾಗಿಸುವುದು. ಅದರಲ್ಲಿ ಅವರದು 1.95. 1973-74ರ ನಂತರ ಎರಡಕ್ಕಿಂತ ಕೆಳಗೆ ಯಾರೂ ಇಳಿದಿರಲಿಲ್ಲ. ನನ್ನನ್ನು ಕೇಳಿದರೆ ಸೇವ್ ಪ್ರಮಾಣವನ್ನೇ ನೋಡಿ. ಎರಡನೇ ಅಳತೆಯಲ್ಲಿ ಮುಂದಿನ ಡಿಫೆನ್ಸ್‌ನವರ ಪುಣ್ಯವೂ ಸೇರಿರುತ್ತದೆ.

ಹಾಗಾದರೆ ತಂಡಗಳಿಗೆ ಗುರುತಿಸುವ ಕಣ್ಣಿರಲಿಲ್ಲ ಎಂಬುದು ಅರ್ಧ ನಿಜ ಎಂದೆನಲ್ಲ, ಅದು ಇದು: ಅವರ ಶೈಲಿ ಕೋಚ್‌ಗಳಿಗೆ ಹಿಡಿಸುವಂಥದ್ದಾಗಿರಲಿಲ್ಲ. ಗೋಲಿನ ಬಾಯಿ ಆರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಪಕ್ ಮೂರು ಇಂಚು ಅಗಲದ ಗಟ್ಟಿ ರಬ್ಬರ್ ಬಿಲ್ಲೆ, ಪುಟಿಯದಿರಲಿ ಎಂದು ಪಂದ್ಯಕ್ಕೆ ಮೊದಲು ಫ್ರೀಜರಿನಲ್ಲಿಟ್ಟಿರುತ್ತಾರೆ. 9 ಮೀಟರ್ ದೂರದಿಂದ ಗಂಟೆಗೆ 150 ಕಿ.ಮೀ. ವೇಗದಲ್ಲಿ ಹೊಡೆದರೆ ತಲುಪಲು ಸೆಕೆಂಡಿನ ಐದನೇ ಒಂದು ಭಾಗ ಸಾಕು. ನೋಡಿ ಕೈ ಆಡಿಸುವಷ್ಟು ಹೊತ್ತಿಲ್ಲ. ಆದ್ದರಿಂದ ಹೊಡೆತಕ್ಕೆ ಮೊದಲೇ ಜಾಗ ಹಿಡಿಯಬೇಕು: ಒಂದು ಹೆಜ್ಜೆ ಮುಂದೆ ಬಂದು ಕೋನ ಕಡಿಮೆ ಮಾಡಿ, ಎರಡೂ ಮಂಡಿ ಮಂಜಿಗೂರಿ, ಕಾಲಿನ ಪ್ಯಾಡುಗಳನ್ನು ಆಚೀಚೆ ಚಾಚಿ ಬಲೆಯ ಕೆಳಭಾಗ ಮುಚ್ಚುವುದು. ಇದನ್ನು ಬಟರ್‌ಫ್ಲೈ ಎನ್ನುತ್ತಾರೆ. ಒಂದು ಕ್ಷಣ ಬೇಗ ಕೂತರೆ ಮೇಲಿನ ಮೂಲೆಗಳು ತೆರೆದುಕೊಳ್ಳುತ್ತವೆ, ತಡವಾದರೆ ಮಂಡಿಗಳ ನಡುವೆ ಪಕ್ ನುಸುಳುತ್ತದೆ.

ಹಾಶೆಕ್ ಈ ಪಾಠ ಬಲ್ಲವರು, ಆದರೆ ಅದಕ್ಕೆ ಕಟ್ಟುಬಿದ್ದವರಲ್ಲ. ಒಂದು ಸೇವ್ ನಿಧಾನಗತಿಯಲ್ಲಿ ನೋಡಿ. ಪಕ್ ಅವರ ಬಲಕ್ಕೆ, ಕೈಗೆಟುಕುವಷ್ಟು ಹತ್ತಿರ ಬಿದ್ದಿದೆ. ಹಿಡಿಯುವ ಗ್ಲೋವ್ ಇರುವುದು ಎಡಗೈಯಲ್ಲಿ, ಅದನ್ನು ಮೈ ದಾಟಿಸಿ ತರುವಷ್ಟರಲ್ಲಿ ಎದುರಾಳಿ ಮತ್ತೆ ಹೊಡೆದಿರುತ್ತಾನೆ. ಹಾಶೆಕ್ ಬಲಗೈಯ ಸ್ಟಿಕ್ಕನ್ನೇ ಬಿಟ್ಟುಬಿಡುತ್ತಾರೆ, ಖಾಲಿಯಾದ ಆ ಕೈ ಪಕ್ಕಿನ ಮೇಲೆ ಬೀಳುತ್ತದೆ. ಸ್ಟಿಕ್ ಬಿಡುವುದು ಮಕ್ಕಳಿಗೆ ಕಲಿಸುವಾಗ ಮೊದಲು ತಿದ್ದುವ ತಪ್ಪು. ಪಕ್ ಅಡ್ಡಕ್ಕೆ ಹೋಯಿತೋ, ಅಂಗಾತ ಬಿದ್ದು ಕಾಲೆರಡನ್ನೂ ಗಾಳಿಗೆತ್ತಿ ಇನ್ನೊಂದು ಕಂಬದ ಕಡೆ ಬೀಸುತ್ತಾರೆ. ನೋಡುವವರಿಗೆ ಇದು ಬಿದ್ದೆದ್ದು ಒದ್ದಾಡಿದಂತೆ, ಅದೃಷ್ಟದಂತೆ ಕಾಣುತ್ತದೆ. ಆರು ಬಾರಿ ವೆಜಿನಾ, 1997 ಮತ್ತು 1998ರಲ್ಲಿ ಇಡೀ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ. ಅದೃಷ್ಟ ಇಷ್ಟು ವರ್ಷ ನಿಲ್ಲುವುದಿಲ್ಲ. ಹಾರ್ಟ್ ಟ್ರೋಫಿಯನ್ನು ಎರಡು ಸಲ ಗೆದ್ದ ಗೋಲ್‌ಕೀಪರ್ ಇನ್ನೊಬ್ಬರಿಲ್ಲ.

ಸಮಯವಿದ್ದರೆ 1998ರ ನಗಾನೊ ಒಲಿಂಪಿಕ್ಸ್ ಸೆಮಿಫೈನಲ್ ಶೂಟೌಟ್ ಹುಡುಕಿ ನೋಡಿ. ಫ್ಲೂರಿ, ಬೋರ್ಕ್, ನ್ಯೂವೆಂಡೈಕ್, ಲಿಂಡ್ರೋಸ್, ಶಾನಹನ್: ಕೆನಡಾದ ಐವರೂ ಬಂದರು, ಐವರೂ ಗೋಲಿಲ್ಲದೆ ಹೋದರು. ಫೈನಲ್‌ನಲ್ಲಿ ರಷ್ಯಾ ವಿರುದ್ಧ ಹಾಶೆಕ್‌ರ ಜೆಕ್ ತಂಡಕ್ಕೆ 1-0 ಗೆಲುವು. ಆರು ಪಂದ್ಯದಲ್ಲಿ ಅವರು ಬಿಟ್ಟದ್ದು ಆರೇ ಗೋಲು.

ತಡವಾಗಿ ಶುರುವಾದ ವೃತ್ತಿ ಬೇಗ ಮುಗಿಯಲಿಲ್ಲ, ಆದರೆ ಮೈ ಬಡ್ಡಿಸಮೇತ ವಸೂಲಿ ಮಾಡಿತು. ಮಂಡಿ ಒಳಕ್ಕೆ, ಪಾದ ಹೊರಕ್ಕೆ ತಿರುಗಿಸಿ ಬೀಳುವ ಭಂಗಿಯಲ್ಲಿ ಸೊಂಟದ ಕೀಲು ಸವೆಯುತ್ತದೆ. ಕಾಲು ಒಮ್ಮೆಲೇ ಚಾಚಿದಾಗ ತೊಡೆಸಂದಿನ ಸ್ನಾಯು ಹರಿಯುತ್ತದೆ. ಮುಖಕ್ಕೆ ಮಾಸ್ಕ್ ಇದೆ, ತೊಡೆಸಂದಿನ ಸ್ನಾಯುವನ್ನು ಯಾವ ಪ್ಯಾಡೂ ಕಾಯುವುದಿಲ್ಲ. ಹಾಶೆಕ್‌ರ 2003-04ರ ಸೀಸನ್ 14 ಪಂದ್ಯಕ್ಕೇ ನಿಂತದ್ದು ಈ ಗಾಯದಿಂದ. ಈಗಿನ ಗೋಲ್‌ಕೀಪರ್‌ಗಳು ತೂಕ ಎತ್ತುವಷ್ಟೇ ಶ್ರದ್ಧೆಯಿಂದ ಸೊಂಟ ಸಡಿಲಿಸುವ ವ್ಯಾಯಾಮ ಮಾಡುವುದು ಸುಮ್ಮನೆ ಅಲ್ಲ.

2002ರಲ್ಲಿ ಡೆಟ್ರಾಯಿಟ್ ತಂಡ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟಾನ್ಲಿ ಕಪ್ ಗೆದ್ದಾಗ ಒಂದನೇ ನಂಬರಿನವರು ಇವರೇ. 2008ರಲ್ಲಿ ಅದೇ ತಂಡ ಮತ್ತೆ ಗೆದ್ದಿತು. ಆ ಸಲ ಪ್ಲೇಆಫ್ ಮೊದಲ ಸುತ್ತಿನಲ್ಲೇ ಕ್ರಿಸ್ ಓಸ್‌ಗುಡ್‌ಗೆ ಜಾಗ ಬಿಟ್ಟುಕೊಟ್ಟು, 43ನೇ ವಯಸ್ಸಿನಲ್ಲಿ, ಮತ್ತೆ ಬೆಂಚಿಗೆ ಬಂದಿದ್ದರು. ಅಲ್ಲಿಂದ ಊರಿಗೆ ಮರಳಿದರು. 2010ರಲ್ಲಿ ಪಾರ್ದುಬಿಟ್ಸೆ ಜೆಕ್ ಲೀಗ್ ಗೆದ್ದಾಗ ಬಲೆಯ ಮುಂದೆ ನಿಂತಿದ್ದವರು 45ರ ಹಾಶೆಕ್.