ಸಿವಾ ಓಯಸಿಸ್‌ಗೆ ಎರಡು ದಿನ ಸಾಕಾ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಮ್ಮನ ಜೊತೆ ಈಜಿಪ್ಟ್‌ಗೆ ಹೋಗುತ್ತಿದ್ದೇನೆ. ಪಿರಮಿಡ್ ನೋಡಿದ ಮೇಲೆ ಅಲ್ಲಿನ ಮರುಭೂಮಿಯಲ್ಲಿರುವ ಸಿವಾ ಓಯಸಿಸ್‌ಗೂ (ನೀರು, ಹಸಿರು ಇರುವ ಜಾಗ) ಹೋಗುವ ಆಸೆ. ಎರಡು ದಿನ ಸಾಕಾಗುತ್ತದಾ?

ಉತ್ತರ: ಖಂಡಿತ ಸಾಲದು. ಕೈರೋದಿಂದ ಹೋಗುವುದಕ್ಕೇ ಹೆಚ್ಚುಕಡಿಮೆ ಒಂದು ದಿನ ಬೇಕು, ಬರುವುದಕ್ಕೆ ಇನ್ನೊಂದು, ಹಾಗಾಗಿ ಸಿವಾದಲ್ಲೇ ಮೂರು ರಾತ್ರಿ ಇರುವ ಹಾಗೆ ನೋಡಿಕೊಳ್ಳಿ. ಅಮ್ಮನಿಗೆ ಅಷ್ಟು ಹೊತ್ತು ಕೂರುವುದು ಕಷ್ಟ ಅಲ್ವಾ? ದಾರಿಯಲ್ಲಿ ಸಮುದ್ರದಂಡೆಯ ಮರ್ಸಾ ಮತ್ರೂಹ್‌ನಲ್ಲಿ ತಂಗಿ. ಅಲ್ಲಿಂದ ಸಿವಾಕ್ಕೆ ಸುಮಾರು 300 ಕಿ.ಮೀ.

ಓಯಸಿಸ್ ಅಂದರೆ ಒಂದು ಕೊಳ, ನಾಲ್ಕು ಮರ ಅಂದುಕೊಳ್ಳಬೇಡಿ. ಸಿವಾ ತುಂಬಿದ ಊರು. ಎಲ್ಲಿ ನೋಡಿದರೂ ಖರ್ಜೂರ, ಆಲಿವ್ ತೋಟ. ಜನರ ಮನೆಮಾತು ಅರಬ್ಬಿಯಲ್ಲ, ಸಿವಿ ಅನ್ನುವ, ಉತ್ತರ ಆಫ್ರಿಕಾದ ಬರ್ಬರ್ ಜನಾಂಗದ ಭಾಷೆ. ನನ್ನ ಪ್ರಕಾರ ತಪ್ಪಿಸಲೇಬಾರದ ಜಾಗ ಶಾಲಿ ಕೋಟೆ. ಉಪ್ಪುಗಟ್ಟಿ ಮತ್ತು ಮಣ್ಣು ಸೇರಿಸಿ ಕಟ್ಟಿದ ಊರು ಅದು, ಮಳೆಯೇ ಅಪರೂಪವಾದ ಕಡೆ ನೂರಾರು ವರ್ಷ ಗಟ್ಟಿಯಾಗಿ ನಿಂತಿತ್ತು, ಆದರೆ 1926ರಲ್ಲಿ ಜೋರು ಮಳೆ ಬಂದು ಗೋಡೆಗಳು ಕರಗಿ ಕುಸಿದವು. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ಬಂದಿದ್ದ, ಪ್ರಾಚೀನ ಈಜಿಪ್ಟಿನ ದೇವರು ಅಮುನ್‌ನ ದೇವಾಲಯವೂ ಹತ್ತಿರದಲ್ಲೇ ಇದೆ.

ಸಿವಾದ ಉಪ್ಪಿನ ಕೊಳದಲ್ಲಿ ದೇಹ ತಾನಾಗಿ ತೇಲುತ್ತದೆ. ಮೈಮೇಲೆ ಗಾಯವಿದ್ದರೆ ಇಳಿಯಬೇಡಿ, ಕಣ್ಣಿಗೂ ನೀರು ತಾಗಬಾರದು. ಇಬ್ಬರೂ ಮೈತುಂಬ ಬಟ್ಟೆ ಹಾಕಿಕೊಳ್ಳಿ. ಊರಿನವರನ್ನು, ಮುಖ್ಯವಾಗಿ ಹೆಂಗಸರನ್ನು, ಕೇಳದೆ ಫೋಟೋ ತೆಗೆಯಬೇಡಿ. ಡಿಸೆಂಬರ್ ರಾತ್ರಿಗಳಲ್ಲಿ ಚಳಿ ಜಾಸ್ತಿ, ಅಮ್ಮನಿಗೆ ಸ್ವೆಟರ್ ಮರೆಯಬೇಡಿ.