ಮರದ ಕೋಟೆಯ ಬಗ್ಗೆ ಬರೆದವರಿಗೆ

ನಮಸ್ಕಾರ. ಅಮೆರಿಕದ ವಯೋಮಿಂಗ್‌ನಲ್ಲಿದ್ದ ಫಿಲ್ ಕಾರ್ನಿ ಕೋಟೆಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಬಿಡಬೇಡಿ, ತುಂಬಾ ಒಳ್ಳೆಯ ವಿಷಯ.

ಮೊದಲ ಮೂರು ಪುಟ ಅಂತರ್ಯುದ್ಧಕ್ಕೇ ಹೋಗಿದೆ. ತೆಗೆದುಬಿಡಿ. ಮೊಂಟಾನಾದಲ್ಲಿ ಚಿನ್ನ ಸಿಕ್ಕಿತು, ಅಲ್ಲಿಗೆ ಹೋಗುವ ಬೋಜ್‌ಮನ್ ದಾರಿ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರ ಬೇಟೆಯ ನೆಲದ ನಡುವೆಯೇ ಹಾದಿತ್ತು, ಅದನ್ನು ಕಾಯಲು 1866ರ ಜುಲೈನಲ್ಲಿ ಕರ್ನಲ್ ಕ್ಯಾರಿಂಗ್ಟನ್ ಕೋಟೆ ಕಟ್ಟಿಸತೊಡಗಿದ. ಇಷ್ಟು ಸಾಕು.

‘ಕೋಟೆ’ ಅಂದ ಕೂಡಲೇ ನಮ್ಮ ಓದುಗರಿಗೆ ಚಿತ್ರದುರ್ಗದ ಕಲ್ಲು ನೆನಪಾಗುತ್ತದೆ, ಅಲ್ವಾ? ಇದು ಪೈನ್ ದಿಮ್ಮಿಗಳನ್ನು ಸಾಲಾಗಿ ನೆಟ್ಟ ಗೋಡೆ, ನೆಲದಿಂದ ಎಂಟಡಿ ಎತ್ತರ. ನೀವು ಇದನ್ನು ಎಲ್ಲೂ ಹೇಳಿಲ್ಲ. ಹೇಳದಿದ್ದರೆ ಕಥೆಯೇ ಅರ್ಥವಾಗುವುದಿಲ್ಲ, ಯಾಕೆಂದರೆ ಗೋಡೆಗೂ ಚಳಿ ಕಾಯಿಸಲೂ ಮರ ಬೇಕು, ಅದನ್ನು ತರಲು ಗಾಡಿಗಳು ಹಲವು ಮೈಲಿ ದೂರದ ಕಾಡಿಗೆ ಹೋಗಬೇಕು, ದಾಳಿ ಜಾಸ್ತಿ ಆಗುತ್ತಿದ್ದದ್ದೂ ಆ ಗಾಡಿಗಳ ಮೇಲೆಯೇ. 1866ರ ಡಿಸೆಂಬರ್ 21ರಂದು ಕೋಟೆಯ ಸೇನಾಧಿಕಾರಿ ಕ್ಯಾಪ್ಟನ್ ಫೆಟ್ಟರ್‌ಮನ್ ತನ್ನ ತುಕಡಿಯೊಂದಿಗೆ ಹೊರಟದ್ದು ಮರದ ಗಾಡಿಗಳ ನೆರವಿಗೆ. ಆಸೆ ತೋರಿಸಿ ಓಡಿದ ಕೆಲವೇ ಮೂಲನಿವಾಸಿ ಸವಾರರ ಬೆನ್ನು ಹತ್ತಿ ಗುಡ್ಡ ದಾಟಿದ. ಆಚೆ ದೊಡ್ಡ ಪಡೆ ಕಾದಿತ್ತು. 81 ಮಂದಿಯಲ್ಲಿ ಒಬ್ಬನೂ ವಾಪಸ್ ಬರಲಿಲ್ಲ. ಮುಂದಿನ ಆಗಸ್ಟ್‌ನಲ್ಲಿ ಮರ ಕಡಿಯುವವರ ಕಾವಲಿಗಿದ್ದ ಸೈನಿಕರು ಜೀವ ಉಳಿಸಿಕೊಂಡದ್ದು, ದಿಮ್ಮಿ ಹೇರಲೆಂದು ಚಕ್ರದಿಂದ ಬಿಡಿಸಿ ಸುತ್ತಲೂ ಜೋಡಿಸಿದ್ದ ಗಾಡಿಯ ತೊಟ್ಟಿಗಳ ಹಿಂದೆ ಅಡಗಿ, ಹಿಂದಿನಿಂದ ಗುಂಡು ತುಂಬುವ ಹೊಸ ಬಂದೂಕು ಹಾರಿಸಿ. ಆ ತೊಟ್ಟಿಗಳು ಅಲ್ಲಿ ಯಾಕಿದ್ದವು ಅಂತ ನಿಮ್ಮ ಲೇಖನ ಓದಿದವರಿಗೆ ಗೊತ್ತೇ ಆಗುವುದಿಲ್ಲ.

‘80 ಜನ ಕೊಡಿ, ಅವರ ನಾಡನ್ನೆಲ್ಲ ದಾಟಿ ಬರುತ್ತೇನೆ’ ಎಂದು ಫೆಟ್ಟರ್‌ಮನ್ ಬಾಯಲ್ಲಿ ಹೇಳಿಸಿದ್ದೀರಿ. ಅದು ಅವನು ಸತ್ತು ದಶಕಗಳಾದ ಮೇಲೆ ಅಚ್ಚಾದ ಮಾತು. ಚೆನ್ನಾಗಿದೆ ಅಂತ ಸುಮ್ನೆ ಇಟ್ಟುಕೊಳ್ಳಬೇಡಿ.

ಇನ್ನೊಂದು ನನಗೆ ನಿಜಕ್ಕೂ ಬೇಸರ ತಂದಿತು. ಲೇಖನದ ಉದ್ದಕ್ಕೂ ‘ರೆಡ್ ಇಂಡಿಯನ್ನರು’ ಅಂತಲೇ ಇದೆ. ಲಕೋಟಾ, ಷಯೆನ್, ಅರಪಾಹೋ ಎಂದು ಹೆಸರು ಹಿಡಿದು ಬರೆಯಿರಿ. ಲಕೋಟಾ ನಾಯಕ ರೆಡ್ ಕ್ಲೌಡ್ ಒಂದೇ ಕಡೆ ಬರುತ್ತಾನೆ. 1868ರ ಆಗಸ್ಟ್ ಹೊತ್ತಿಗೆ ಸೈನ್ಯ ಜಾಗ ಖಾಲಿ ಮಾಡಿತು, ಷಯೆನ್ ಜನ ಕೋಟೆಗೆ ಬೆಂಕಿ ಇಟ್ಟರು, ಆಮೇಲಷ್ಟೇ, ನವೆಂಬರ್‌ನಲ್ಲಿ, ರೆಡ್ ಕ್ಲೌಡ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದು. ನೀವು ಇದನ್ನೆಲ್ಲ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇದಕ್ಕೆ ಒಂದಿಡೀ ಪುಟ ಕೊಡಿ. ತಿದ್ದಿ ಮತ್ತೆ ಕಳಿಸಿ, ನಾನೇ ಓದುತ್ತೇನೆ.